ಅಪ್ಪನಾಗಬೇಕಾದ ಅಳಿಯ

ಶನಿವಾರ ರಾತ್ರಿ, ಕಡೂರು ಸ್ಟೇಷನ್. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಡಯಾಪರಿನ ದೊಡ್ಡ ಪ್ಯಾಕು ಹಿಡಿದವನೊಬ್ಬ ಬೆಂಗಳೂರಿನ ರೈಲಿಳಿದು ಆಟೊ ಹತ್ತುತ್ತಾನೆ. ಹೆಂಡತಿಯದು ತವರಿನಲ್ಲಿ ಚೊಚ್ಚಲ ಬಾಣಂತನ. ಮಗುವಿಗೆ ಏಳು ವಾರ.

"ಬನ್ನಿ ಅಳಿಯಂದ್ರೆ, ಕೈಕಾಲು ತೊಳ್ಕಳಿ" ಎಂದು ಅತ್ತೆ ಡಯಾಪರ್ ಪ್ಯಾಕನ್ನು ಬೀರುವಿನ ಮೇಲಿಡುತ್ತಾರೆ. ಅವನ ತಟ್ಟೆಗೆ ಹೋಳಿಗೆ, ಮೇಲೆ ಮಿಳ್ಳೆ ತುಪ್ಪ. ಒಳಕೋಣೆಯವಳಿಗೆ ಬೆಳ್ಳುಳ್ಳಿ ಒಗ್ಗರಣೆಯ ಮೆಣಸಿನ ಸಾರು, ಬಿಸಿಯನ್ನ. ಕಿವಿ ಮುಚ್ಚಿ ಸ್ಕಾರ್ಫ್ ಕಟ್ಟಿದ್ದಾಳೆ. ಸಾಂಬ್ರಾಣಿ ಹೊಗೆ ಇನ್ನೂ ಆಡುತ್ತಿದೆ. ಅವನು ಮಗುವಿಗೆ ಕೈ ಚಾಚಿದ್ದೇ ತಡ, "ಕತ್ತು ನೋಡ್ಕಳಿ!" ಎಂದು ಮನೆಯವರೆಲ್ಲ ಒಟ್ಟಿಗೆ ಕೂಗುತ್ತಾರೆ. ಮಗು ಬೆಚ್ಚಿ ಅಳುತ್ತದೆ, ಅಜ್ಜಿಯ ಮಡಿಲು ಸೇರುತ್ತದೆ. ಅವನ ಹಾಸಿಗೆ ನಡುಮನೆಯಲ್ಲಿ.

ಎರಡು ಗಂಟೆಗೆ ಮತ್ತೆ ಅಳು. ಎದ್ದು ಬಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ.

"ಹಸಿವಾ?"

"ಒದ್ದೆ" ಎನ್ನುತ್ತಾಳೆ ಅವಳು, ಕಣ್ಣು ಬಿಡದೆ. "ಅಳು ಕೇಳಿದ್ರೆ ಗೊತ್ತಾಗುತ್ತೆ. ನಿಮಗೆ ಹೇಗೆ ಗೊತ್ತಾಗ್ಬೇಕು, ವಾರವೆಲ್ಲ ನಿದ್ದೆ ಮಾಡ್ತೀರಿ."

"ನಾನೇನು ಬೇಕು ಅಂತ ಅಲ್ಲಿದೀನಾ?"

"ಆರನೇ ವಾರದ ಇಂಜೆಕ್ಷನ್ ಹಾಕ್ಸಿದ ರಾತ್ರಿ ತೊಡೆ ಊದಿತ್ತು, ಮೈ ಸುಡ್ತಿತ್ತು. ಫೋನ್ ಮಾಡಿದ್ರೆ ನೀವು ಅಮೆರಿಕದ ಕಾಲ್‌ನಲ್ಲಿ."

ಅವನ ಬಳಿ ಉತ್ತರವಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಅವಳಿಗೆ 26 ವಾರ ಸಂಬಳಸಹಿತ ರಜೆ ಕೊಟ್ಟಿದೆ. ಅವನು ರಾಜ್ಯ ಸರ್ಕಾರಿ ನೌಕರನಾಗಿದ್ದರೆ 15 ದಿನ ಪಿತೃತ್ವ ರಜೆ ಸಿಗುತ್ತಿತ್ತು. ಖಾಸಗಿ ಕಂಪನಿ ಕೊಡಲೇಬೇಕೆಂಬ ಕಾನೂನಿಲ್ಲ. ಕಾನೂನು ಕೊಡದ್ದನ್ನು ತವರೂ ಕೊಡುವುದಿಲ್ಲ. ಇಲ್ಲಿ ಅವನಿಗೆ ಉಪಚಾರವುಂಟು, ಕೆಲಸವಿಲ್ಲ.

ಹಳೇ ಪಂಚೆ ಹರಿದು ಮಾಡಿದ ಲಂಗೋಟಿಯೊಂದನ್ನು ಹಗ್ಗದಿಂದ ಎಳೆದುಕೊಂಡು ಮಗುವಿನ ಪಕ್ಕ ಕೂರುತ್ತಾನೆ. ಗಂಟು ಒಮ್ಮೆ ಬಿಗಿ, ಒಮ್ಮೆ ಸಡಿಲ. ಅತ್ತೆ ಎದ್ದು ಬರುತ್ತಾರೆ: "ಅಯ್ಯೋ, ನೀವ್ಯಾಕೆ ಅಳಿಯಂದ್ರೆ? ಬಿಡಿ, ಮಲಕ್ಕಳಿ."

"ಅಮ್ಮ, ಅವರೇ ಕಟ್ಲಿ. ನೀನು ಮಲಕ್ಕ."

ಮೂರನೇ ಸಲಕ್ಕೆ ಗಂಟು ನಿಲ್ಲುತ್ತದೆ. ಅವಳು ಗೋಡೆ ಕಡೆ ಹೊರಳುತ್ತಾಳೆ, ಐದರವರೆಗೆ ಏಳುವುದಿಲ್ಲ.

ಬೆಳಿಗ್ಗೆ ಅತ್ತೆ ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಾರೆ. ಅವನು ಬಿಸಿನೀರಿನ ಚೊಂಬು ಹಿಡಿದು ಪಕ್ಕದಲ್ಲಿದ್ದಾನೆ.

"ಮೂರು ತಿಂಗಳಿಗೇ ಹೊರಡ್ತೀಯಂತೆ? ಐದಾದ್ರೂ ತುಂಬ್ಲಿ. ಅಲ್ಲಿ ರಾತ್ರಿ ಹೊತ್ತು ನೋಡ್ಕಳೋರು ಯಾರು?"

ಅವಳು ಗಂಡನ ಮುಖ ನೋಡುತ್ತಾಳೆ. "ಮುಂದಿನ ಶನಿವಾರವೂ ಇವರೇ ಏಳ್ಲಿ. ಆಮೇಲೆ ಹೇಳ್ತೀನಿ."