ಗಂಟಲಿನ ಸ್ವರಗಳು

ಅರ್ಜಿಯಲ್ಲಿ ಒಂದೇ ಒಂದು ಗೆರೆ ಖಾಲಿ ಉಳಿದಿತ್ತು. ಹೆಸರು, ವಯಸ್ಸು, ಎಷ್ಟು ವರ್ಷದಿಂದ ನುಡಿಸುತ್ತಿದ್ದೀರಿ, ಮೊದಲು ಕಲಿಸಿದವರು ಯಾರು, ಎಲ್ಲವನ್ನೂ ತುಂಬಿದ್ದೆ. ‘ಆಡಿಷನ್‌ಗೆ ಆರಿಸಿಕೊಂಡ ಸೋಲೊ’ ಎಂಬಲ್ಲಿಗೆ ಬಂದು ಮೂರು ವಾರ ನಿಂತುಬಿಟ್ಟೆ.

ಬೆಂಗಳೂರಿನ ಒಂದು ಯುವ ಆರ್ಕೆಸ್ಟ್ರಾಕ್ಕೆ ಕ್ಲಾರಿನೆಟ್ ನುಡಿಸುವವರು ಬೇಕಾಗಿದ್ದರು. ಎರಡು ಸ್ಕೇಲು, ಆ ಕ್ಷಣಕ್ಕೆ ಕೈಗೆ ಕೊಟ್ಟದ್ದನ್ನು ನೋಡಿ ನುಡಿಸುವ ಒಂದು ಹಾಳೆ, ಐದು ನಿಮಿಷ ಮೀರದ ಒಂದು ಸೋಲೊ. ಮೊದಲ ಎರಡನ್ನು ಅವರೇ ನಿರ್ಧರಿಸುತ್ತಾರೆ. ಮೂರನೆಯದು ಮಾತ್ರ ನಮ್ಮ ಕೈಯಲ್ಲಿ. ಅದೇ ಕಷ್ಟ.

ನನ್ನ ಕಣ್ಣು ಮೊದಲಿನಿಂದಲೂ ವೆಬರನ ಕನ್ಸರ್ಟೀನೊ ಮೇಲಿತ್ತು. 1811ರಲ್ಲಿ ಹಾಯಿನ್‌ರಿಶ್ ಬೇರ್ಮಾನ್ ಎಂಬ ಕ್ಲಾರಿನೆಟ್ ವಾದಕನಿಗಾಗಿ ವೆಬರ್ ಬರೆದ ಕೃತಿ ಅದು. ಬವೇರಿಯಾದ ರಾಜ ಅದನ್ನು ಕೇಳಿ ಮೆಚ್ಚಿ, ಇನ್ನೂ ಎರಡು ಕನ್ಸರ್ಟೊ ಬರೆಸಿದನಂತೆ. ಒಂದು ಸರಳ ರಾಗವನ್ನು ಹಿಡಿದು, ಅದನ್ನೇ ಬಗೆಬಗೆಯಾಗಿ ಹೆಣೆಯುತ್ತ ಹೋಗುತ್ತದೆ. ಬೆರಳುಗಳು ಓಡುತ್ತವೆ. ಕೇಳಿದವರು ‘ಅಬ್ಬಾ’ ಅನ್ನಬೇಕು. ನನಗೆ ಬೇಕಾಗಿದ್ದದ್ದೂ ಆ ‘ಅಬ್ಬಾ’ ಒಂದೇ.

ಯಾಕೆ ಬೇಕಾಗಿತ್ತು ಎಂದು ಹೇಳಿಬಿಡುತ್ತೇನೆ. ನಮ್ಮಪ್ಪ ಮೈಸೂರಿನಲ್ಲಿ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಕೆಂಪು ಕೋಟು, ಬಂಗಾರದ ಬಣ್ಣದ ಲೇಸು, ದಿಬ್ಬಣದ ಮುಂದೆ ನಡೆಯುತ್ತಾ ಸಿನಿಮಾ ಹಾಡು. ರೀಡನ್ನು ತುಟಿಗೆ ಹೇಗಿಟ್ಟುಕೊಳ್ಳಬೇಕು ಎಂದು ನನಗೆ ತೋರಿಸಿದ್ದು ಅವರೇ. ಆದರೆ ಅರ್ಜಿಯಲ್ಲಿ ‘ಮೊದಲು ಕಲಿಸಿದವರು’ ಎಂಬಲ್ಲಿ ನಾನು ಬರೆದದ್ದು ಬೆಂಗಳೂರಿನ ಮೇಷ್ಟ್ರ ಹೆಸರು. ವೆಬರನನ್ನು ಸರಿಯಾಗಿ ಊದಿಬಿಟ್ಟರೆ ಕೆಂಪು ಕೋಟಿನ ವಾಸನೆ ಯಾರಿಗೂ ಬಡಿಯುವುದಿಲ್ಲ ಎಂದುಕೊಂಡಿದ್ದೆ.

ಕ್ಲಾರಿನೆಟ್ಟಿಗೆ ಒಂದು ವಿಚಿತ್ರ ಗುಣವಿದೆ. ಕೊಳಲಿನಲ್ಲಿ ಬೆರಳು ಹಾಗೇ ಇಟ್ಟು ಬಿಗಿಯಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಕ್ಲಾರಿನೆಟ್ ಹಾಗಲ್ಲ. ರೀಡಿನ ಕಡೆ ಮುಚ್ಚಿದ ನೇರ ಕೊಳವೆಯಾದ್ದರಿಂದ, ಎಡಗೈ ಹೆಬ್ಬೆರಳಿನ ಕೀ ಒತ್ತಿದೊಡನೆ ಷಡ್ಜವು ಮೇಲಿನ ಸ್ಥಾಯಿಯ ಪಂಚಮಕ್ಕೆ ಹಾರುತ್ತದೆ. ನಡುವೆ ಉಳಿಯುವ ಕಂದರವನ್ನು ತುಂಬಲು ವಾದ್ಯದ ತುದಿಯಲ್ಲಿ ಕೆಲವು ಸ್ವರಗಳಿವೆ. ಅವನ್ನು ಗಂಟಲಿನ ಸ್ವರಗಳು ಎನ್ನುತ್ತಾರೆ. ಕೊಳವೆಯ ಬಹುಭಾಗ ತೆರೆದೇ ಇರುವುದರಿಂದ ಅವುಗಳ ದನಿ ಮಂಕು, ನೆಗಡಿಯಾದವರ ಮಾತಿನಂತೆ. ಅಲ್ಲಿಂದ ಒಂದೇ ಹೆಜ್ಜೆ ಮೇಲೇರಲು ಹೆಚ್ಚುಕಡಿಮೆ ಎಲ್ಲ ಬೆರಳುಗಳೂ ಒಟ್ಟಿಗೇ ಕೂರಬೇಕು. ಒಂದು ಬೆರಳು ಕೂದಲೆಳೆಯಷ್ಟು ಸರಿದರೂ ಕೀಚಲು ದನಿ.

ನನ್ನ ವೆಬರ್ ಎಡವುತ್ತಿದ್ದದ್ದು ಅಲ್ಲೇ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಹತ್ತು ಸಲದಲ್ಲಿ ನಾಲ್ಕು ಸಲ ಅಪ್ಪಟ. ಉಳಿದ ಆರು ಸಲ ಆ ದಾಟಿನಲ್ಲಿ ಬೆರಳು ಗಾಬರಿಯಾಗಿ ಓಡುತ್ತಿತ್ತು.

ಅಪ್ಪ ಹೊರಗೆ ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಮೇಲಿನ ಮುಂದಿನ ಹಲ್ಲು ಹೋದ ಮೇಲೆ ಅವರು ನುಡಿಸುವುದನ್ನು ಬಿಟ್ಟಿದ್ದರು. ಕ್ಲಾರಿನೆಟ್ಟಿನ ಬಾಯಿ ಕೂರುವುದೇ ಆ ಹಲ್ಲುಗಳ ಆಸರೆಯಲ್ಲಿ. ಕಟ್ಟಿಸಿದ ಹಲ್ಲಿನಿಂದ ಪ್ರಯತ್ನಿಸಿ, ಹಿಡಿತ ಸಿಗದೆ, ವಾದ್ಯವನ್ನು ಒರೆಸಿ ನನ್ನ ಕೈಗೆ ಕೊಟ್ಟಿದ್ದರು.

“ನೋಡವ್ವಾ,” ಎಂದರು ಒಂದು ಸಂಜೆ. “ನಮ್ ಸೆಟ್‌ನಲ್ಲಿ ಕೀಚ್ ಅಂದ್ರೂ ಯಾರ್ಗೂ ಗೊತ್ತಾಯ್ತಿರ್ನಿಲ್ಲ. ಪಕ್ಕದಲ್ಲಿ ಡ್ರಮ್ಮು ಬಡೀತಿತ್ತು, ಟ್ರಂಪೆಟ್ಟು ಕೂಗ್ತಿತ್ತು. ನೀನ್ ಹೋಗೋ ಕಡೆ ನೀನೊಬ್ಳೇ.”

“ಮತ್ತೆ ಯಾವುದು ನುಡಿಸ್ಲಿ?”

“ನಾವು ಮೊದಲ್ನೇ ಹಾಡು ಯಾವ್ದು ಹಿಡೀತಿದ್ವು ಗೊತ್ತಾ? ಬಾಯ್ ಒಣಗಿದ್ರೂ, ಕೈ ನಡುಗಿದ್ರೂ ಬರೋದು. ನಿಂಗೆ ಅಂಥದ್ದು ಯಾವ್ದಿದೆ?”

ಇತ್ತು. ಮೊಜಾರ್ಟನ ಕ್ಲಾರಿನೆಟ್ ಕನ್ಸರ್ಟೊದ ನಿಧಾನದ ಭಾಗ. 1791ರಲ್ಲಿ, ಸಾಯುವ ಕೆಲವೇ ವಾರಗಳ ಮೊದಲು, ತನ್ನ ಗೆಳೆಯ ಆಂಟನ್ ಸ್ಟಾಡ್ಲರನಿಗೆಂದು ಬರೆದದ್ದು. ಅದು ‘ಎ’ ಕ್ಲಾರಿನೆಟ್ಟಿನ ಕೃತಿಯಾದರೂ, ನನ್ನಂತೆ ಬಿ-ಫ್ಲ್ಯಾಟ್ ಇರುವವರಿಗೆ ಪಿಯಾನೊ ಜೊತೆಗಿನ ಅಳವಡಿಕೆಗಳಿವೆ. ಬೆರಳಿನ ದಾರಿ ಅದೇ. ಆರಂಭ ಏನೂ ಅಲ್ಲ: ಪ, ಸ, ಗ. ಮೂರೇ ಸ್ವರ, ಮೆಲ್ಲಗೆ ಹತ್ತುತ್ತವೆ. ಅಷ್ಟು ಸುಲಭದ್ದನ್ನು ಆಡಿಷನ್‌ಗೆ ಒಯ್ಯುವುದು ನನಗೆ ನಾಚಿಕೆಯಾಗಿತ್ತು.

ಮೇಷ್ಟ್ರಿಗೆ ಹೇಳಿದಾಗ ನಕ್ಕರು. “ಸುಲಭ ಅಂತ ಯಾರು ಹೇಳಿದ್ದು? ವೇಗದಲ್ಲಿ ಬಚ್ಚಿಟ್ಟುಕೊಳ್ಳಬಹುದು. ಇಲ್ಲಿ ಎಲ್ಲಿ ಬಚ್ಚಿಟ್ಟುಕೊಳ್ತೀಯ?” ನಿಜವಾಗಿತ್ತು. ನಡುಭಾಗದಲ್ಲಿ ರಾಗ ಮೇಲಿನಿಂದ ತೀರಾ ಕೆಳಕ್ಕೆ ಇಳಿದು ಮತ್ತೆ ಏರುತ್ತದೆ. ನಾನು ಹೆದರುತ್ತಿದ್ದ ಗಡಿಯನ್ನು ಇಲ್ಲೂ ದಾಟಲೇಬೇಕು, ಅದೂ ಎಲ್ಲರೂ ನೋಡುತ್ತಿರುವಾಗ ನಡೆದುಕೊಂಡು. ವ್ಯತ್ಯಾಸ ಒಂದೇ: ದಾಟುವ ಮುನ್ನ ಉಸಿರಿಗೆ ಸಮಯವಿತ್ತು. ಎರಡನ್ನೂ ಒಂದು ವಾರ ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಒಣಗಿರುವಾಗಲೇ ನುಡಿಸಿ ನೋಡಿದೆ. ವೆಬರ್ ಮುರಿದುಬಿತ್ತು. ಮೊಜಾರ್ಟ್ ಕುಂಟಿದರೂ ನಡೆಯಿತು. ಖಾಲಿ ಗೆರೆ ತುಂಬಿದೆ.

ಆಡಿಷನ್ ದಿನ ಪಿಯಾನೊ ಪಕ್ಕದಲ್ಲಿ ನಿಂತಾಗ ಮೊಣಕಾಲು ನಡುಗುತ್ತಿತ್ತು. ಪ, ಸ, ಗ ಬಂದವು. ನಡುಭಾಗದಲ್ಲಿ ಕೆಳಗಿನಿಂದ ಏರುವಾಗ ಆ ಗಂಟಲಿನ ಸ್ವರ ಮಂಕಾಗಿಯೇ ಬಂತು, ಮುಂದಿನದಕ್ಕೆ ಒಂದು ಸಣ್ಣ ಕೀಚಲು. ನಿಲ್ಲಿಸಲಿಲ್ಲ. ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು ಅರ್ಜಿ ನೋಡಿ, “ಇವರು ಕಲಿಸೋ ರೀತಿ ಗೊತ್ತು. ಆದರೆ ಈ ತುಟಿಯ ಹಿಡಿತ ಬೇರೆ ಥರ ಇದೆಯಲ್ಲ. ಮೊದಲು ಯಾರ ಹತ್ತಿರ ಕಲಿತದ್ದು?” ಎಂದರು.

ಒಂದು ಕ್ಷಣ ತಡೆದೆ. “ನಮ್ಮಪ್ಪನ ಹತ್ತಿರ. ಮದುವೆ ಬ್ಯಾಂಡ್‌ಸೆಟ್‌ನಲ್ಲಿದ್ರು,” ಎಂದೆ. ಅವರು ಅರ್ಜಿಯ ಮೇಲೆ ಏನೋ ಬರೆದುಕೊಂಡರು. ಏನೆಂದು ನನಗೆ ಇವತ್ತಿಗೂ ತಿಳಿಯದು.

ಎರಡು ವಾರದ ಮೇಲೆ ಎರಡನೇ ಕ್ಲಾರಿನೆಟ್ಟಿನ ಕುರ್ಚಿಗೆ ಕರೆ ಬಂತು. ಅದಕ್ಕಿಂತ ಚೆನ್ನಾಗಿ ನೆನಪಿರುವುದು ಆಡಿಷನ್ ದಿನದ ರಾತ್ರಿ. ಮೈಸೂರಿಗೆ ಬಂದು ಇಳಿದಾಗ ಹತ್ತು ದಾಟಿತ್ತು. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ವಾದ್ಯದ ಪೆಟ್ಟಿಗೆಯನ್ನು ತೆಗೆದುಕೊಂಡು ಕೇಳಿದರು:

“ಕೀಚ್ ಅಂತಾ?”

“ಒಂದ್ಸಲ.”

“ನಿಲ್ಲಿಸ್ದಾ?”

“ಇಲ್ಲ.”

“ಸರಿ ಬಿಡು,” ಎಂದು ಸ್ಕೂಟರಿಗೆ ಕಿಕ್ ಹೊಡೆದರು.