ಗೆದ್ದವನ ಮುಂದಿನ ಕತೆ

ಎರಡನೇ ಭಾಗದ ಕತೆಗಳ ಬಗ್ಗೆ ತೀರ್ಪು ಹೇಳುವ ಹಕ್ಕು ಕನ್ನಡ ನಾಡಿನಲ್ಲಿ ಯಾವುದಾದರೂ ಒಂದು ಊರಿಗೆ ಇದ್ದರೆ ಅದು ಕಡೂರು ತಾಲ್ಲೂಕಿನ ದೇವನೂರಿಗೆ ಇದೆ. ಆ ಊರಿನ ಲಕ್ಷ್ಮೀರಮಣನ ಅಂಕಿತದಲ್ಲಿ ಕವಿ ಲಕ್ಷ್ಮೀಶ ‘ಜೈಮಿನಿ ಭಾರತ’ ಬರೆದ. ಸುರಪುರದವರೂ ಅವನನ್ನು ನಮ್ಮವನು ಅನ್ನುತ್ತಾರೆ. ಅನ್ನಲಿ, ಅಂಥ ಕವಿಗಾಗಿ ಎರಡು ಊರು ಜಗ್ಗಾಡುವುದು ಒಳ್ಳೆಯದೇ. ಆದರೆ ಅವನು ಹೇಳುವ ದೇವಪುರ ಈ ದೇವನೂರೇ ಎಂದು ಬಹುಪಾಲು ವಿದ್ವಾಂಸರು ಒಪ್ಪಿದ್ದಾರೆ. ವಾರ್ಧಕ ಷಟ್ಪದಿಯಲ್ಲಿ ಸಾಗುವ, 34 ಸಂಧಿಗಳ ಆ ಕಾವ್ಯ ಕುರುಕ್ಷೇತ್ರ ಮುಗಿದ ಮೇಲಿನ ಕತೆ. ಇವತ್ತಿನ ಹುಡುಗರ ಮಾತಿನಲ್ಲಿ ಹೇಳಿದರೆ ಮಹಾಭಾರತದ ಪಾರ್ಟ್ ಟು.

ಈಚೆಗೆ ಇದನ್ನೆಲ್ಲ ಮತ್ತೆ ಯೋಚಿಸುವಂತೆ ಮಾಡಿದವನು ನಮ್ಮಣ್ಣನ ಮಗ. ವರ್ಷಗಟ್ಟಲೆ ಕಾದಿದ್ದ ಒಂದು ಸೂಪರ್‌ಹೀರೋ ಚಿತ್ರದ ಎರಡನೇ ಭಾಗವನ್ನು ಮೊದಲ ದಿನದ ಮೊದಲ ಆಟಕ್ಕೇ ಹೋಗಿ ನೋಡಿ ಬಂದವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಟಿಕೆಟ್ ದುಬಾರಿಯಾಯಿತೇನೋ ಎಂದುಕೊಂಡು ಕೇಳಿದೆ. “ದುಡ್ಡು ಹೋದ್ರೆ ಹೋಗ್ಲಿ ಬಿಡಿ ಚಿಕ್ಕಪ್ಪ, ಅವನನ್ನ ಹಾಳು ಮಾಡಿಬಿಟ್ರಲ್ಲ” ಅಂದ. ಹಾಳಾದದ್ದು ಪರದೆಯ ಮೇಲಿನ ಒಬ್ಬ ವೀರ. ಆದರೆ ಹುಡುಗನ ದನಿಯಲ್ಲಿ ಇದ್ದದ್ದು ಮನೆಯವರೊಬ್ಬರಿಗೆ ಅನ್ಯಾಯವಾದಾಗ ಬರುವ ಸಂಕಟ.

ಇಂಥ ಹೊತ್ತಿನಲ್ಲಿ ಹಿರಿಯರಾದ ನಾವು “ಸಿನಿಮಾ ತಾನೇ, ಬಿಡೋ” ಎಂದು ಎದ್ದುಹೋಗುವುದುಂಟು. ಹಾಗೆ ಹೋಗುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳು ಎಂದು ಕರೆಯುತ್ತಿದ್ದರು. ಅದು ವೇದಿಕೆಯ ಉಪಚಾರದ ಮಾತಾಗಿದ್ದರೆ ಇಷ್ಟು ದಿನ ಜನರ ನಾಲಿಗೆಯ ಮೇಲೆ ಉಳಿಯುತ್ತಿರಲಿಲ್ಲ. ಒಬ್ಬ ನಾಯಕನನ್ನು ನಟ ಆಡಿ ಮುಗಿಸುತ್ತಾನೆ, ನಿರ್ದೇಶಕ ಚಿತ್ರಿಸಿ ಮುಗಿಸುತ್ತಾನೆ, ನಿರ್ಮಾಪಕ ಲೆಕ್ಕ ಹಾಕಿ ಮುಗಿಸುತ್ತಾನೆ. ಆಮೇಲೆ ಅವನನ್ನು ವರ್ಷಗಳ ಕಾಲ ಜತನವಾಗಿ ಇಟ್ಟುಕೊಳ್ಳುವವನು ಅಭಿಮಾನಿ. ಮೊದಲ ಭಾಗಕ್ಕೂ ಎರಡನೆಯದಕ್ಕೂ ನಡುವಿನ ಆ ಕಾಲದಲ್ಲಿ ನಾಯಕ ಬದುಕಿರುವುದು ಅವನ ಮನಸ್ಸಿನಲ್ಲಿ ಮಾತ್ರ. ಹಾಗಿರುವಾಗ ಬೇಸರ ಪಡುವ ಅಧಿಕಾರ ಅವನಿಗಲ್ಲದೆ ಇನ್ನಾರಿಗಿದೆ?

ಅಭಿಮಾನಿ ಕೇಳುವುದಾದರೂ ಏನನ್ನು? ಇನ್ನೂ ದೊಡ್ಡ ಹೊಡೆದಾಟವನ್ನಲ್ಲ. ಮೊದಲ ಭಾಗ ಚೆನ್ನಾಗಿದ್ದರೆ ಅದು ಮುಗಿಯುವಾಗ ಏನೋ ಒಂದು ಬಾಕಿ ಉಳಿದಿರುತ್ತದೆ. ಯಾರೋ ಸತ್ತಿರುತ್ತಾರೆ, ಯಾರಿಗೋ ಕೊಟ್ಟ ಮಾತು ಮುರಿದಿರುತ್ತದೆ, ನಾಯಕನ ಗೆಲುವಿಗೆ ಬೇರೆ ಯಾರೋ ಬೆಲೆ ತೆತ್ತಿರುತ್ತಾರೆ. ನೋಡಿದವನು ಆ ಋಣವನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಎರಡನೇ ಭಾಗ ಬಂತೆಂದರೆ ಅದು ತೀರುತ್ತದೆಂದು ಎದುರು ನೋಡುತ್ತಾನೆ. ತೀರದೆ ಹೋದಾಗ ಆಗುವ ನೋವೇ ಈ ಬೇಸರ.

ನಮ್ಮದೇ ಚಿತ್ರಗಳನ್ನು ನೋಡೋಣ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ಅಲ್ಲಿ ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟ. ಆ ಹುಡುಗ ಆಮೇಲೆ ಏನಾದ ಎಂದು ಕೇಳದ ಮನೆ ಇರಲಿಲ್ಲ. 2016ರಲ್ಲಿ ‘ಮುಂಗಾರು ಮಳೆ 2’ ಬಂತು. ಗಣೇಶ್ ಇದ್ದರು, ಪ್ರೀತಮ್ ಎಂಬ ಹೆಸರಿತ್ತು, ಮಳೆಯೂ ಇತ್ತು. ಕತೆ ಮಾತ್ರ ಬೇರೆಯದು. ಹಳೆಯ ಪ್ರೀತಮ್‌ನ ಬಾಕಿ ಹಾಗೇ ಉಳಿಯಿತು. ಬೇರೆ ಹೆಸರಿನಲ್ಲಿ ಬಂದಿದ್ದರೆ ಆ ಚಿತ್ರವನ್ನು ಅದರ ಪಾಡಿಗೆ ನೋಡಿ ಮೆಚ್ಚುತ್ತಿದ್ದವರು ಎಷ್ಟೋ ಜನ ಇದ್ದರು ಎಂದೇ ನನ್ನ ಎಣಿಕೆ.

ಇದಕ್ಕೆ ಎದುರಾಗಿ ‘ಆಪ್ತರಕ್ಷಕ’ವನ್ನು ಇಡಿ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಕತೆ ಕೇಳಿದ್ದೆವು. ಅವಳಿಗೆ ಅನ್ಯಾಯ ಮಾಡಿದ ರಾಜನ ಲೆಕ್ಕ ಮಾತ್ರ ಚುಕ್ತಾ ಆಗಿರಲಿಲ್ಲ. ಅದೇ ಪಿ. ವಾಸು ನಿರ್ದೇಶನದಲ್ಲಿ 2010ರ ಫೆಬ್ರವರಿಯಲ್ಲಿ ಬಂದ ಎರಡನೇ ಚಿತ್ರ ನೇರವಾಗಿ ಆ ರಾಜನನ್ನೇ ಹುಡುಕಿಕೊಂಡು ಹೊರಟಿತು. ಅಷ್ಟರಲ್ಲಿ ವಿಷ್ಣುವರ್ಧನ್ ನಮ್ಮನ್ನು ಬಿಟ್ಟು ಹೋಗಿದ್ದರು. 2009ರ ಡಿಸೆಂಬರ್ 30 ಅದು. ಥಿಯೇಟರಿನ ಮುಂದೆ ನಿಂತ ಜನರಲ್ಲಿ ದುಃಖವೂ ಇತ್ತು, ಆ ರಾಜನ ಗತಿ ಏನಾಯಿತೆಂಬ ಕುತೂಹಲವೂ ಇತ್ತು. ಎರಡಕ್ಕೂ ಚಿತ್ರ ಮೋಸ ಮಾಡಲಿಲ್ಲ. ಚಿತ್ರಮಂದಿರಗಳು ತುಂಬಿದವು.

ಇನ್ನು ಅಣ್ಣನ ಮಗನ ಲೋಕಕ್ಕೆ ಹೋಗೋಣ. ಸ್ಪೈಡರ್‌ಮ್ಯಾನ್ ಕತೆಯ ಬುನಾದಿ ಒಂದು ತಪ್ಪು. ಪೀಟರ್ ಎಂಬ ಹುಡುಗ ತನಗೇಕೆ ಎಂದು ಒಬ್ಬ ಕಳ್ಳನನ್ನು ತಡೆಯದೆ ಬಿಡುತ್ತಾನೆ. ಅದರ ಫಲವಾಗಿ ಅವನನ್ನು ಸಾಕಿದ ದೊಡ್ಡಪ್ಪ ಬೆನ್ ಸಾಯುತ್ತಾನೆ. ಆ ಋಣ ತೀರಿಸಲೆಂದೇ ಹುಡುಗ ಜೀವಮಾನವೆಲ್ಲ ಊರು ಕಾಯುತ್ತಾನೆ. ಸ್ಯಾಮ್ ರೈಮಿ ನಿರ್ದೇಶಿಸಿದ 2002 ಮತ್ತು 2004ರ ಚಿತ್ರಗಳು ಈ ಭಾರವನ್ನು ಗೌರವದಿಂದ ಹೊತ್ತವು. 2007ರ ಮೂರನೆಯದರಲ್ಲಿ ದೊಡ್ಡಪ್ಪನನ್ನು ಕೊಂದವನು ಬೇರೊಬ್ಬ, ಮರಳಿನ ಮನುಷ್ಯ, ಎಂದುಬಿಟ್ಟರು. ಜೊತೆಗೆ ಇನ್ನಿಬ್ಬರು ಖಳರನ್ನು ತುರುಕಿದರು. ಆ ಚಿತ್ರ ಹಣದಲ್ಲಿ ಸೋಲಲಿಲ್ಲ. ಆ ಮೂರರಲ್ಲಿ ಹೆಚ್ಚು ಗಳಿಸಿದ್ದೇ ಅದು, ಸುಮಾರು 89 ಕೋಟಿ ಡಾಲರ್. ಆದರೂ ಅಭಿಮಾನಿಗಳು ಮುಖ ಬಾಡಿಸಿಕೊಂಡು ಹೊರಬಂದರು. ಹುಡುಗನ ಹೆಗಲ ಮೇಲಿನ ಋಣವನ್ನು ಇಳಿಸಿ ಇನ್ನೊಬ್ಬನ ತಲೆಗೆ ಕಟ್ಟಿದರೆ ಆ ಹುಡುಗನಲ್ಲಿ ಉಳಿಯುವುದು ಬಣ್ಣದ ಬಟ್ಟೆ ಮಾತ್ರ. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಈ ನಷ್ಟ ಕಾಣುವುದಿಲ್ಲ.

ಆಮೇಲೆ ಆಂಡ್ರೂ ಗಾರ್‌ಫೀಲ್ಡ್ ಸ್ಪೈಡರ್‌ಮ್ಯಾನ್ ಆದರು. 2012ರ ಚಿತ್ರದಲ್ಲಿ, ಪ್ರೇಯಸಿಯ ಸಾಯುತ್ತಿರುವ ತಂದೆಗೆ ನಾಯಕ ಮಾತು ಕೊಡುತ್ತಾನೆ: ನಿಮ್ಮ ಮಗಳು ಗ್ವೆನ್‌ಳಿಂದ ದೂರ ಇರುತ್ತೇನೆ. ಆ ಮಾತು ಮುರಿಯುತ್ತದೆ. 2014ರ ಎರಡನೇ ಭಾಗದಲ್ಲಿ ಗ್ವೆನ್ ಎತ್ತರದಿಂದ ಬೀಳುತ್ತಾಳೆ. ಅವನು ಎಸೆದ ದಾರ ಅವಳನ್ನು ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ಒಂದು ಗಳಿಗೆ ನಿಜವಾದ ಕತೆ. ಅದರ ಸುತ್ತ ಮಾತ್ರ ಮುಂದೆ ಬರಬೇಕಿದ್ದ ಚಿತ್ರಗಳ ಜಾಹೀರಾತಿನಂಥ ದೃಶ್ಯಗಳು ತುಂಬಿದ್ದವು. ಜನ ಮೆಚ್ಚಲಿಲ್ಲ, ಮೂರನೇ ಭಾಗ ನಿಂತುಹೋಯಿತು, ಆ ಪೀಟರ್‌ನ ದುಃಖ ಅರ್ಧದಲ್ಲೇ ಉಳಿಯಿತು. 2021ರಲ್ಲಿ ‘ನೋ ವೇ ಹೋಮ್’ ಬಂತು. ಇನ್ನೊಬ್ಬ ಸ್ಪೈಡರ್‌ಮ್ಯಾನ್‌ನ ಗೆಳತಿ ಹಾಗೆಯೇ ಮೇಲಿನಿಂದ ಬೀಳುವಾಗ ಧುಮುಕಿ ಅವಳನ್ನು ಹಿಡಿದವನು ಇದೇ ಗಾರ್‌ಫೀಲ್ಡ್. ಹಿಡಿದು ನೆಲಕ್ಕಿಳಿಸಿದ ಮೇಲೆ ಅವನ ಕಣ್ಣು ತುಂಬುತ್ತದೆ, ನೋಡುವವರದೂ. ಏಳು ವರ್ಷ ಆ ಬಾಕಿಯನ್ನು ಮರೆಯದೆ ಇಟ್ಟುಕೊಂಡವರು ಅಭಿಮಾನಿಗಳು. ಅವರು ಮರೆತಿದ್ದರೆ ಆ ದೃಶ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಇಷ್ಟು ಸುತ್ತಿ ದೇವನೂರಿಗೆ ವಾಪಸು ಬರುತ್ತೇನೆ. ಕನ್ನಡದಲ್ಲಿ ಕುಮಾರವ್ಯಾಸ ಹತ್ತು ಪರ್ವಗಳಿಗೆ ಕತೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಆದರೂ ಗಮಕಿಗಳ ಕೊರಳಿಗೆ, ಜಗುಲಿಯ ಮೇಲಿನ ಅಜ್ಜಂದಿರ ಬಾಯಿಗೆ ಕುಮಾರವ್ಯಾಸನ ಪಕ್ಕದಲ್ಲಿ ಬಂದು ಕೂತವನು ಲಕ್ಷ್ಮೀಶ. ನಾದ, ಉಪಮೆ ಅವನ ದೊಡ್ಡ ಶಕ್ತಿಗಳು, ನಿಜ. ಅದಕ್ಕಿಂತ ಮುಂಚೆ ಅವನ ಕತೆಗೆ ಒಂದು ನ್ಯಾಯದ ಬೆನ್ನೆಲುಬಿದೆ. ಕಾವ್ಯ ಶುರುವಾಗುವುದೇ ಗೆದ್ದವನ ದುಃಖದಿಂದ. ಧರ್ಮರಾಯನಿಗೆ ಸಿಂಹಾಸನದ ಮೇಲೆ ಕೂರಲು ಮನಸ್ಸಿಲ್ಲ, ಬಂಧುಗಳನ್ನು ಕೊಂದ ಪಾಪ ಸುಡುತ್ತಿದೆ. ಅದು ಕಳೆಯಲಿ ಎಂದು ವ್ಯಾಸರು ಅಶ್ವಮೇಧ ಮಾಡಲು ಹೇಳುತ್ತಾರೆ. ಯಾಗದ ಕುದುರೆ ತರಲು ಭೀಮನೊಂದಿಗೆ ಹೊರಡುವವನು ವೃಷಕೇತು, ಅಂದರೆ ಕರ್ಣನ ಮಗ. ಕೊಂದ ಅಣ್ಣನ ಮಗನನ್ನು ಪಾಂಡವರು ಎದೆಗಪ್ಪಿ ಬೆಳೆಸುತ್ತಿದ್ದಾರೆ. ಹೊಸ ಕತೆಯ ಹೊಸ್ತಿಲಲ್ಲೇ ಹಳೆಯ ಋಣ ನಿಂತಿದೆ.

ಅವರು ಕುದುರೆ ತರಲು ಹೋಗುವ ಯೌವನಾಶ್ವನ ಪಟ್ಟಣದ ಹೆಸರು ಭದ್ರಾವತಿ. ಕಡೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ಬೀರೂರು, ತರೀಕೆರೆ ದಾಟಿ ನಮ್ಮ ಭದ್ರಾವತಿ ಬರುತ್ತದೆ. ಹೆಸರೊಂದೇ ಎಂದ ಮಾತ್ರಕ್ಕೆ ಊರೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಸ್ಟೇಷನ್ನಿನ ಬೋರ್ಡು ಕಂಡಾಗಲೆಲ್ಲ ಭೀಮ, ವೃಷಕೇತು, ಘಟೋತ್ಕಚನ ಮಗ ಮೇಘನಾದ ಇಲ್ಲೇ ಎಲ್ಲೋ ಬೆಟ್ಟದ ಮರೆಯಲ್ಲಿ ಹೊಂಚುಹಾಕಿ ಕೂತಿದ್ದಾರೆ ಅನ್ನಿಸುವುದು ಆ ಕಾವ್ಯ ಓದಿದವರ ಭಾಗ್ಯ.

ಕುದುರೆಯ ಹಿಂದೆ ಹೊರಟ ಅರ್ಜುನನಿಗೆ ಎದುರಾಗುವವರನ್ನು ನೋಡಿ. ಸುಧನ್ವ ಯುದ್ಧಕ್ಕೆ ತಡವಾಗಿ ಬಂದನೆಂದು ತಂದೆ ಹಂಸಧ್ವಜ ಅವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಹರಿಸ್ಮರಣೆಯಿಂದ ಬದುಕಿ ಬಂದ ಆ ಹುಡುಗ ಅರ್ಜುನನ ಮುಂದೆ ನಿಲ್ಲುತ್ತಾನೆ. ಮೂರು ಬಾಣಗಳಲ್ಲಿ ಕೊಲ್ಲುತ್ತೇನೆಂದು ಅರ್ಜುನ, ಮೂರನ್ನೂ ಕತ್ತರಿಸುತ್ತೇನೆಂದು ಸುಧನ್ವ. ಇಬ್ಬರ ಮಾತೂ ಉಳಿಯುತ್ತದೆ: ಕತ್ತರಿಸಿದ ಮೂರನೇ ಬಾಣದ ಅರ್ಧವೇ ಅವನ ತಲೆ ತೆಗೆಯುತ್ತದೆ. ಯಕ್ಷಗಾನದಲ್ಲಿ ಸುಧನ್ವಾರ್ಜುನ ಪ್ರಸಂಗ ನೋಡಿದವರನ್ನು ಕೇಳಿ. ಅರ್ಜುನನ ಗೆಲುವಿಗೆ ಸಂಭ್ರಮ ಪಡುವವರಿಗಿಂತ ಸುಧನ್ವನಿಗೆ ಮರುಗುವವರು ಹೆಚ್ಚು. ಮೊದಲ ಕತೆಯ ನಾಯಕನ ಎದುರು ಅವನಿಗೆ ಸಮನಾದ ಮನುಷ್ಯನನ್ನು ತಂದು ನಿಲ್ಲಿಸುವ ಧೈರ್ಯ ಲಕ್ಷ್ಮೀಶನ ಕತೆಗೆ ಇತ್ತು.

ಇದಕ್ಕಿಂತ ದೊಡ್ಡದು ಅರ್ಜುನನ ಮಗ ಬಭ್ರುವಾಹನನ ಕತೆ. ಅರ್ಜುನನಿಗೆ ಸೋತು ಶರಣಾದ ರಾಜ ನೀಲಧ್ವಜನ ಹೆಂಡತಿ ಜ್ವಾಲೆ ಆ ಸೋಲನ್ನು ನುಂಗಿಕೊಳ್ಳದೆ ಗಂಗೆಯ ಬಳಿಗೆ ಹೋಗುತ್ತಾಳೆ. ನಿನ್ನ ಮಗ ಭೀಷ್ಮನನ್ನು ಕೊಂದವನು ಸುಖವಾಗಿ ತಿರುಗುತ್ತಿದ್ದಾನಲ್ಲ ಎಂದು ತಾಯಿಯ ಹಳೆಯ ಗಾಯವನ್ನು ಕೆದಕುತ್ತಾಳೆ. ಗಂಗೆ ಶಪಿಸುತ್ತಾಳೆ: ಅರ್ಜುನ ತನ್ನ ಮಗನ ಕೈಯಿಂದಲೇ ಸಾಯಲಿ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮರನ್ನು ಕೆಡವಿದ ಆ ದಿನದ ಲೆಕ್ಕ ಕುರುಕ್ಷೇತ್ರದಲ್ಲಿ ಮುಚ್ಚಿರಲಿಲ್ಲ. ಅದು ಇಲ್ಲಿ, ಮಣಿಪುರದ ಬಯಲಿನಲ್ಲಿ, ತಂದೆಯನ್ನು ಕಾಣಲು ಭಕ್ತಿಯಿಂದ ಬಂದ ಮಗನ ಹುಟ್ಟನ್ನೇ ಅರ್ಜುನ ಹಳಿದಾಗ ತೆರೆದುಕೊಳ್ಳುತ್ತದೆ. ಅರ್ಜುನನ ತಲೆ ಉರುಳುತ್ತದೆ. ಮುಂದೆ ಪಾತಾಳದ ಸಂಜೀವಕ ಮಣಿಯಿಂದ ಅವನು ಮತ್ತೆ ಏಳುತ್ತಾನೆ, ಸರಿ. ಸತ್ತ ನಾಯಕನನ್ನು ಎಬ್ಬಿಸುವ ಉಪಾಯ ಇವತ್ತಿನ ಸೂಪರ್‌ಹೀರೋ ಚಿತ್ರಗಳಲ್ಲೂ ಧಾರಾಳವಾಗಿದೆ. ಇಲ್ಲಿಯ ಸಾವು ಮಾತ್ರ ಸುಮ್ಮನೆ ಬಂದದ್ದಲ್ಲ. ಋಣ ತೀರಿದ ಮೇಲೆ ಎದ್ದವನನ್ನು ಕೇಳುಗ ಪೂರ್ತಿ ಮನಸ್ಸಿನಿಂದ ಬರಮಾಡಿಕೊಳ್ಳುತ್ತಾನೆ.

1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಈ ಕತೆಯನ್ನು ‘ಬಭ್ರುವಾಹನ’ ಎಂದು ತೆರೆಗೆ ತಂದರು. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಯುದ್ಧಕ್ಕೆ ಮುಂಚೆ ತಂದೆಮಗ ಪದ್ಯದಲ್ಲಿ ಸೆಣಸುವಾಗ ಮಗ ತಂದೆಯ ಹಳೆಯ ಗೆಲುವುಗಳ ಲೆಕ್ಕ ಒಂದೊಂದಾಗಿ ಕೇಳುತ್ತಾನೆ. ತಮ್ಮ ಆರಾಧ್ಯ ನಟ ಸಾಯುವುದನ್ನು ಒಪ್ಪದ ಅಭಿಮಾನಿಗಳ ನಾಡು ನಮ್ಮದು ಎಂದು ದೂರುವವರು ಇದನ್ನು ನೆನೆಯಬೇಕು. ಆ ಸೋಲನ್ನು ಜನ ಒಪ್ಪಿದರು, ಆ ಹಾಡನ್ನು ಇವತ್ತಿಗೂ ಊರ ಆರ್ಕೆಸ್ಟ್ರಾಗಳಲ್ಲಿ ಕೇಳಿ ಹಾಡಿಸುತ್ತಾರೆ. ಅಭಿಮಾನಿಗೆ ನಾಯಕನ ಸೋಲು ಸಹಿಸಲಾಗದ್ದಲ್ಲ. ಕಾರಣವಿಲ್ಲದ ಸೋಲು, ಕಾರಣವಿಲ್ಲದ ಗೆಲುವು, ಎರಡನ್ನೂ ಅವನು ಸಹಿಸುವುದಿಲ್ಲ.

ಋಣ ತೀರಿಸಲು ಹೊರಟೂ ಜನ ತಿರಸ್ಕರಿಸಿದ ಚಿತ್ರ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. 2019ರ ‘ಜೋಕರ್’ ನೂರು ಕೋಟಿ ಡಾಲರ್ ದಾಟಿ ಗಳಿಸಿತು. 2024ರ ಅಕ್ಟೋಬರಿನಲ್ಲಿ ಬಂದ ಎರಡನೇ ಭಾಗ ಅದರ ಸುಮಾರು ಐದನೇ ಒಂದು ಪಾಲಿಗೆ ನಿಂತಿತು. ಮೊದಲ ಚಿತ್ರದ ಕೊಲೆಗಳನ್ನು ಎರಡನೆಯದು ಕೋರ್ಟಿಗೆ ಎಳೆಯಿತು, ಅಪರಾಧಿಯ ಬಾಯಲ್ಲೇ ಒಪ್ಪಿಸಿತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೊದಲ ಚಿತ್ರವನ್ನು ಮೆಚ್ಚಿದ್ದೇ ತಪ್ಪು ಎಂಬಂತೆ ಅದು ಅಭಿಮಾನಿಯ ಮೇಲೆ ಬೆರಳು ತೋರಿಸಿತು ಎಂದು ನೋಡಿದ ಬಹಳ ಜನರಿಗೆ ಅನ್ನಿಸಿತು, ನನಗೂ ಅನ್ನಿಸಿತು. ಲಕ್ಷ್ಮೀಶನ ಕಾವ್ಯ ಅರ್ಜುನನನ್ನು ಕೆಡವುತ್ತದೆ. ಅರ್ಜುನನನ್ನು ಪ್ರೀತಿಸಿದ ಕೇಳುಗನನ್ನು ಎಲ್ಲಿಯೂ ಸಣ್ಣವನನ್ನಾಗಿ ಮಾಡುವುದಿಲ್ಲ. ಋಣ ನಾಯಕನದು, ತೀರಿಸಬೇಕಾದವನೂ ಅವನೇ.

ಈಗ ನಮ್ಮಲ್ಲೂ ಭಾಗ ಒಂದು, ಭಾಗ ಎರಡು, ಚಾಪ್ಟರ್ ಎಂದು ಹೆಸರಿಡುವ ಕಾಲ ಬಂದಿದೆ. ಬರೆಯಲು ಕೂರುವವರಲ್ಲಿ ನನ್ನದೊಂದೇ ಬಿನ್ನಹ. ಬಜೆಟ್ಟು ಎಷ್ಟು ಹೆಚ್ಚಿಸಬೇಕು ಎಂದು ಯೋಚಿಸುವ ಮೊದಲು ನಿಮ್ಮದೇ ಮೊದಲ ಚಿತ್ರವನ್ನು ಇನ್ನೊಮ್ಮೆ ನೋಡಿ. ನಾಯಕನ ಗೆಲುವಿನ ಹೊತ್ತಿನಲ್ಲಿ ಯಾರ ಮನೆಯಲ್ಲಿ ದೀಪ ಆರಿತು, ಯಾರ ಮಾತು ಬಾಯಲ್ಲೇ ಉಳಿಯಿತು ಎಂದು ಗುರುತು ಮಾಡಿಕೊಳ್ಳಿ. ಕತೆ ಅಲ್ಲಿಂದ ಶುರುವಾಗಲಿ. ಇನ್ನು ಅಭಿಮಾನಿಗಳೇ, ನಿಮ್ಮ ಬೇಸರವನ್ನು ಯಾರಾದರೂ ಹುಡುಗಾಟಿಕೆ ಅಂದರೆ ಕುಗ್ಗಬೇಡಿ. ಏನು ಬಾಕಿ ಉಳಿಯಿತು ಎಂಬುದನ್ನು ಬಿಡಿಸಿ, ಗಟ್ಟಿಯಾಗಿ ಹೇಳಿ. ಹೇಳದೆ ಬಿಟ್ಟರೆ ಮೂರನೇ ಭಾಗವೂ ಅದೇ ತಪ್ಪು ಮಾಡುತ್ತದೆ.