ಕೆಂಪು ದೀಪದ ಸಾಕ್ಷ್ಯ

ಎಲ್ಲವೂ ನೆಟ್ಟಗಿರುವಾಗ ಸುಮ್ಮನಿದ್ದು, ಕೆಟ್ಟಾಗ ಮಾತ್ರ ಕೂಗಿ ಹೇಳುವ ಕಾವಲುಗಾರನು ಬಹಳ ಒಳ್ಳೆಯವನು. ಆದರೆ ಅವನಲ್ಲಿ ಒಂದು ತೊಡಕುಂಟು. ಅವನು ಸುಮ್ಮನಿರುವುದು ಮನೆ ಕ್ಷೇಮವಾಗಿರುವುದರಿಂದಲೋ, ಅವನಿಗೇ ಮಾತು ನಿಂತುಹೋದುದರಿಂದಲೋ ತಿಳಿಯುವುದು ಹೇಗೆ? ಹಳೆಯ ಮೋಟಾರು ಸೈಕಲ್ಲೊಂದರ ಸೂಚನಾ ದೀಪಗಳನ್ನು ಸರಿಪಡಿಸುವಾಗ ಈ ಪ್ರಶ್ನೆ ನನಗೆ ಎದುರಾಯಿತು.

ಆ ವಾಹನ ನನ್ನ ಅಕ್ಕನ ಮನೆಯದು, 1968ರ ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ದಿ ಎಂಬ ಹೆಸರಿನಲ್ಲಿ ಹೊರಬಂದ ವಾಹನಗಳನ್ನು ನಮ್ಮ ಸೀಮೆಯಲ್ಲಿ ಕಾಣದವರಿಲ್ಲ. ಭಾವನವರು ಅದನ್ನು ಇನ್ನೊಬ್ಬರಿಂದ ಕೊಂಡು ಇಪ್ಪತ್ತು ವರ್ಷ ಜೋಪಾನವಾಗಿ ಓಡಿಸಿದರು. ಅವರು ತೀರಿಕೊಂಡ ಮೇಲೆ ಅದು ಮಗನ ಪಾಲಿಗೆ ಬಂದಿತು. ಅವನು ಮೈಸೂರಿನಲ್ಲಿ ಕೆಲಸ ಮುಗಿಸಿಕೊಂಡು ನಂಜನಗೂಡಿನ ಆಚೆಯ ಹಳ್ಳಿಗೆ ಹಿಂದಿರುಗುವಾಗ ರಾತ್ರಿ ಒಂಬತ್ತು ಹೊಡೆದಿರುವುದು. ಅಷ್ಟು ಹೊತ್ತೂ ಜಗಲಿಯಲ್ಲಿ ಕುಳಿತು ಆ ಎಂಜಿನ್ನಿನ ಸದ್ದಿಗೆ ಕಿವಿಗೊಡುವುದು ಅಕ್ಕನ ನಿತ್ಯವ್ರತ.

ಈಚೆಗೆ ಒಂದೆರಡು ಸಲ ದಾರಿಯಲ್ಲಿ ಮುಂದಿನ ದೊಡ್ಡ ದೀಪ ಮಂಕಾಗಿ, ಹುಡುಗನು ಅಂದಾಜಿನ ಮೇಲೆ ಮನೆ ಸೇರಿದ್ದನು. ದುರಸ್ತಿಯವನೊಬ್ಬನು ಹೊಸ ಬ್ಯಾಟರಿ ಹಾಕಿಕೊಟ್ಟನು. ತಿಂಗಳೊಳಗೆ ಅದೂ ಸೊರಗಿತು. ವೇಗ ತೋರಿಸುವ ಮುಳ್ಳಿನ ಬಳಿಯ ಎರಡು ಸಣ್ಣ ದೀಪಗಳು ಬಹುಕಾಲದಿಂದ ಉರಿಯುತ್ತಿರಲಿಲ್ಲ. ಅವು ಅಲಂಕಾರಕ್ಕೆ ಇರುವುವು, ಅವಿಲ್ಲದೆಯೂ ಗಾಡಿ ಓಡುವುದು ಎಂದು ಅವನ ಅಭಿಪ್ರಾಯ. “ನೀನೊಮ್ಮೆ ನೋಡಪ್ಪಾ” ಎಂದು ಅಕ್ಕ ನನಗೆ ಹೇಳಿದಳು.

ಆ ದೀಪಗಳಲ್ಲಿ ಹಸಿರು, ಗೇರು ನ್ಯೂಟ್ರಲ್ಲಿನಲ್ಲಿದೆಯೆಂದು ತಿಳಿಸುವುದು. ಕೆಂಪಿನ ಕೆಲಸ ಇನ್ನೂ ಸೂಕ್ಷ್ಮವಾದುದು. ಅದರ ಒಂದು ಕಡೆಗೆ ಬ್ಯಾಟರಿಯ ವಿದ್ಯುತ್ತು, ಇನ್ನೊಂದು ಕಡೆಗೆ ಡೈನಮೊ. ಕೀಲಿ ತಿರುಗಿಸಿದಾಗ ಡೈನಮೊ ನಿಶ್ಚಲವಾಗಿರುವುದರಿಂದ ಬ್ಯಾಟರಿಯಿಂದ ಹರಿದು ದೀಪ ಉರಿಯುವುದು. ಎಂಜಿನ್ನು ವೇಗ ಪಡೆದು ಡೈನಮೊ ವಿದ್ಯುತ್ತನ್ನು ಹುಟ್ಟಿಸತೊಡಗಿದರೆ ಎರಡು ಕಡೆಯ ಬಲವೂ ಸಮವಾಗಿ, ಹರಿವು ನಿಂತು, ದೀಪ ಆರುವುದು. ಆದುದರಿಂದ ಅದು ಆರುವುದೇ ಶುಭವಾರ್ತೆ. ಆದರೆ ಮೊದಲು ಉರಿದಿದ್ದರೆ ಮಾತ್ರ.

ಬ್ಯಾಟರಿಯ ತಂತಿಯೊಂದನ್ನು ಕಳಚಿಟ್ಟು ಮುಂದೀಪದ ಕವಚವನ್ನು ಬಿಚ್ಚಿದೆನು. ಕೆಂಪು ದೀಪದ ಬಲ್ಬಿನಲ್ಲಿ ಎಳೆ ಕಡಿದಿತ್ತು. ಹಸಿರಿನ ಸ್ಥಾನದಲ್ಲಿ ಯಾರೋ 12 ವೋಲ್ಟಿನ ಬಲ್ಬನ್ನು ಕೂರಿಸಿದ್ದರು. ಈ ವಾಹನದ್ದು 6 ವೋಲ್ಟಿನ ಏರ್ಪಾಡು. ಅಂಥ ಬಲ್ಬು ಇದರಲ್ಲಿ ಹಗಲು ಬೆಳಕಿಗೆ ಕಾಣದಷ್ಟು ಮಾತ್ರ ಮಿನುಗೀತು. ಮೈಸೂರಿನ ನಾಲ್ಕಾರು ಅಂಗಡಿಗಳಲ್ಲಿ ವಿಚಾರಿಸಿ 6 ವೋಲ್ಟಿನ ಬಲ್ಬುಗಳನ್ನು ತಂದು, ಕಿಲುಬು ಹಿಡಿದಿದ್ದ ಗೂಡುಗಳನ್ನು ಉಜ್ಜಿ, ಅವುಗಳನ್ನು ಕೂರಿಸಿ, ಬ್ಯಾಟರಿಯ ತಂತಿಯನ್ನು ಮತ್ತೆ ಸೇರಿಸಿದೆನು. ಹಸಿರು ಆಗಲೂ ಉರಿಯಲಿಲ್ಲ. ಗೇರು ಪೆಟ್ಟಿಗೆಗೆ ಬರುವ ಅದರ ತಂತಿಯನ್ನು ಕಳಚಿ ಎಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿದೊಡನೆ ಉರಿಯಿತು. ಎಂದಮೇಲೆ ಬಲ್ಬೂ ತಂತಿಯೂ ನಿರ್ದೋಷಿಗಳು; ಎಣ್ಣೆಯ ಕೊಳೆ ಕಟ್ಟಿದ್ದ ಸ್ವಿಚ್ಚಿನಲ್ಲಿಯೇ ದೋಷ. ಅದನ್ನು ಶುಚಿಮಾಡಿದ ಮೇಲೆ ಹಸಿರು ತನ್ನ ಕೆಲಸಕ್ಕೆ ನಿಂತಿತು.

ಕೆಂಪು ದೀಪವೂ ಕೀಲಿ ತಿರುಗಿಸಿದೊಡನೆ ಹೊತ್ತಿಕೊಂಡಿತು. ಎಂಜಿನ್ನನ್ನು ಚಾಲೂ ಮಾಡಿ ವೇಗ ಏರಿಸಿದೆವು. ಒಮ್ಮೆ ಆರಿತು, ಮತ್ತೆ ಹೊತ್ತಿತು, ಆಮೇಲೆ ಆರಲೇ ಇಲ್ಲ. ಹುಡುಗನ ಮುಖ ಸಣ್ಣದಾಯಿತು. “ಮಾವ, ನೀವು ಕೈ ಹಾಕುವ ಮೊದಲು ಈ ತಂಟೆ ಇರಲಿಲ್ಲವಲ್ಲ!” ಎಂದನು.

ಅವನೊಬ್ಬನ ಮಾತಲ್ಲ ಇದು. ನಾಡಿ ನೋಡಿ ಜ್ವರವಿದೆಯೆಂದ ವೈದ್ಯನ ಮೇಲೆಯೇ ಸಿಟ್ಟಾಗುವವರನ್ನು ನಾವು ಕಂಡಿಲ್ಲವೆ? ರೋಗ ಮೊದಲೇ ಇತ್ತು. ಈಗ ಅದಕ್ಕೆ ಸಾಕ್ಷಿ ದೊರೆತಿತು, ಅಷ್ಟೆ.

ಪಕ್ಕದ ಮುಚ್ಚಳವನ್ನು ತೆಗೆದು ತಂತಿಗಳ ಜಾಡು ಹಿಡಿದು ನೋಡಿದೆವು. ಡೈನಮೊದಿಂದ ರೆಗ್ಯುಲೇಟರಿಗೆ ಹೋಗುವ ತಂತಿಯೊಂದು ತಿರುಪಿನ ಬಳಿ ವರ್ಷಗಳ ಅದುರಾಟಕ್ಕೆ ಸವೆದು, ಒಂದೆರಡು ಎಳೆಗಳ ಮೇಲೆ ನಿಂತಿತ್ತು. ಡೈನಮೊದ ಸುರುಳಿಗಳಿಗೆ ಅಯಸ್ಕಾಂತದ ಬಲ ಬರುವುದು ಈ ತಂತಿಯಿಂದಲೇ. ಎಳೆಗಳು ತಾಗಿದಾಗ ವಿದ್ಯುತ್ತು ಹುಟ್ಟುವುದು, ತಪ್ಪಿದಾಗ ಇಲ್ಲ. ಆಗ ದೊಡ್ಡ ದೀಪದ ಹೊರೆಯೂ ಎಂಜಿನ್ನಿನ ಕಿಡಿಯ ಹೊರೆಯೂ ಬ್ಯಾಟರಿಯೊಂದರ ಮೇಲೆಯೇ ಬೀಳುವುದು. ಅದು ಬರಿದಾದರೆ ಬೆಳಕೂ ಓಟವೂ ನಡುದಾರಿಯಲ್ಲಿ ಒಟ್ಟಿಗೇ ನಿಲ್ಲುವುವು. ಕಬ್ಬಿನ ಗಾಡಿಗಳು ಸಾಲಾಗಿ ಬರುವ ಇರುಳಿನಲ್ಲಿ ಅದರ ಅರ್ಥವೇನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇದು ಯಂತ್ರವನ್ನು ಮಾಡಿದವರ ಕುಂದಲ್ಲ, ವಯಸ್ಸಿನ ಧರ್ಮ. ಗೇಣುದ್ದದ ಹೊಸ ತಂತಿಯನ್ನು ಹಾಕಿ ಬಿಗಿಮಾಡಿದೆವು. ಎಂಜಿನ್ನು ವೇಗ ಪಡೆದೊಡನೆ ಕೆಂಪು ಆರಿತು, ಮತ್ತೆ ಹೊತ್ತಲಿಲ್ಲ.

ಮನೆಯಲ್ಲಿ ಹಳೆಯ ವಾಹನವುಳ್ಳವರು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು: ಕೀಲಿ ತಿರುಗಿಸಿದಾಗ ಕೆಂಪು ಕಾಣಬೇಕು, ಎಂಜಿನ್ನು ಓಡಿದಾಗ ಮರೆಯಾಗಬೇಕು. ಎಂದೂ ಉರಿಯದ ದೀಪವನ್ನು ಕಂಡು ನೆಮ್ಮದಿಪಡಬಾರದು. ನಮ್ಮ ಅಕ್ಕನಿಗೆ ಡೈನಮೊ ಏನೆಂದು ತಿಳಿಯದು. ಆದರೂ ಮಗನು ಬೆಳಗ್ಗೆ ಹೊರಡುವಾಗ ಒಳಗಿನಿಂದಲೇ, “ಕೆಂಪು ಹೊತ್ತಿತೇನೋ?” ಎಂದು ಕೇಳುತ್ತಾಳೆ; ಎಂಜಿನ್ನು ಸದ್ದುಮಾಡಿದ ಮೇಲೆ, “ಆರಿತೇನೋ?” ಎಂದು ಕೇಳುತ್ತಾಳೆ. ಎರಡಕ್ಕೂ ಹೌದೆಂದು ಹೇಳಿದ ಹೊರತು ಅವನಿಗೆ ಬಾಗಿಲು ದಾಟಲು ಅಪ್ಪಣೆಯಿಲ್ಲ.